ಹುಣಸೆಬೀಜದ ಪೋಕರು, ತಂಗಿಯ ಮದುವೆ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಕೆಲವರಿಗೆ ಸುಳ್ಳು ನಾಲಗೆಯ ತುದಿಯಲ್ಲಿರುತ್ತದೆ. ನನ್ನ ನಾಲಗೆಯ ತುದಿಯಲ್ಲಿ ಹುಟ್ಟಿದಾರಭ್ಯ ಕುಳಿತಿರುವುದು ಒಂದೇ ಮಾತು: "ನೋಡುವ." ಈ ಮಾತಿನ ಸುಖ ನಮ್ಮ ಮಂಗಳೂರಿನವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಹೌದು ಎಂದರೆ ಕೆಲಸ ಮಾಡಬೇಕಾಗುತ್ತದೆ, ಇಲ್ಲ ಎಂದರೆ ಕಾರಣ ಕೊಡಬೇಕಾಗುತ್ತದೆ. ನೋಡುವ ಎಂದುಬಿಟ್ಟರೆ ಕೇಳಿದವರಿಗೂ ತೃಪ್ತಿ, ಹೇಳಿದವನಿಗೂ ವಿಶ್ರಾಂತಿ. ಹೊಸ ಕೊಡೆ ತೆಗೆದುಕೊಳ್ಳುವುದೇ ಹಳೆಯದಕ್ಕೇ ಕಡ್ಡಿ ಹಾಕಿಸುವುದೇ ಎಂದು ಯೋಚಿಸುತ್ತ ನಾನು ಒಂದು ಇಡೀ ಮಳೆಗಾಲ ನೆನೆದಿದ್ದೇನೆ. ಗಂಜಿಯ ಜೊತೆಗೆ ಚಟ್ನಿ ಮಾಡಲೇ ಉಪ್ಪಿನಕಾಯಿ ಬಡಿಸಲೇ ಎಂದು ನನ್ನ ಹೆಂಡತಿ ಗಿರಿಜೆ ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದಳು. ನಾನು "ನೋಡುವ" ಎನ್ನುತ್ತಿದ್ದೆ. "ಎಂತ ನೋಡುದು? ಗಂಜಿಯ ಬಟ್ಟಲಿನ ಒಳಗೆ ನೋಡಿ, ಅದು ತಣಿದು ಕೆನೆ ಕಟ್ಟಿದ್ದು ಕಾಣ್ತದೆ" ಎಂದು ಅವಳು ಕ್ರಮೇಣ ಕೇಳುವುದನ್ನೇ ಬಿಟ್ಟಳು. ಅಂದಿನಿಂದ ನಮ್ಮ ಸಂಸಾರ ಸುಸೂತ್ರವಾಗಿ ನಡೆದುಕೊಂಡು ಬಂದಿದೆ.

ನಾನು ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಅಲ್ಲಿ ತೀರ್ಮಾನಗಳನ್ನು ಮಾಡಲು ದೊರೆಗಳಿದ್ದರು, ಆದ್ದರಿಂದ ತೊಂದರೆಯಿರಲಿಲ್ಲ. ತೊಂದರೆ ಎದ್ದದ್ದು ಅಪ್ಪ ತೀರಿಕೊಂಡು ಅತ್ತಾವರದ ನಮ್ಮ ಮನೆಗೆ ನಾನೇ ಯಜಮಾನನಾದ ಮೇಲೆ, ಅದರಲ್ಲೂ ತಂಗಿ ಸುಮತಿಯ ಮದುವೆಯ ಮಾತು ಬಂದ ಮೇಲೆ. ಸುಮತಿ ಕಂಕನಾಡಿಯ ಕಡೆ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನೋಡಲು ಲಕ್ಷಣ, ಮಾತಿನಲ್ಲಿ ಚುರುಕು. ಮೊದಲು ಬಂದ ಸಂಬಂಧ ಬಹಳ ಒಳ್ಳೆಯದಿತ್ತು. ಎಷ್ಟು ಒಳ್ಳೆಯದೆಂದರೆ, ಇಷ್ಟು ಒಳ್ಳೆಯದರಲ್ಲಿ ಏನಾದರೂ ಕೊರತೆ ಇರಲೇಬೇಕಲ್ಲ ಎಂದು ನನಗೆ ಅನುಮಾನ ಬಂತು. ಆ ಕೊರತೆಯನ್ನು ಹುಡುಕಲು ನಾನು ಸ್ವಲ್ಪ ಸಮಯ ತೆಗೆದುಕೊಂಡೆ. ಹುಡುಕಾಟ ಮುಗಿಸಿ, ಕೊರತೆಯೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಪ್ಪಿಗೆ ಹೇಳಿಕಳಿಸುವ ಹೊತ್ತಿಗೆ ಆ ಹುಡುಗನ ಮದುವೆಯ ಊಟದ ಆಮಂತ್ರಣ ನಮಗೆ ಬಂತು. ಅಮ್ಮ ಊಟಕ್ಕೆ ಹೋಗಲಿಲ್ಲ. ಮನೆಯಲ್ಲಿ ನನ್ನೊಡನೆ ಮಾತನ್ನೂ ಬಿಟ್ಟರು. ಹೇಳುವುದೇನಾದರೂ ಇದ್ದರೆ ಅಂಗಳದ ದನಕ್ಕೆ ಹೇಳುವರು: "ಈ ಮನೆಯ ಯಜಮಾನರು ನೋಡ್ತಾ ಇರ್ತಾರೆ, ನೀನು ಹುಲ್ಲು ತಿನ್ನು ಮಾರಾಯ್ತಿ." ಸುಮತಿ ಮಾತ್ರ ಎಂದಿನಂತೆ ನನಗೆ ಚಾ ತಂದಿಡುತ್ತಿದ್ದಳು. ಆ ಚಾ ನನಗೆ ಅಮ್ಮನ ಮಾತಿಗಿಂತ ಹೆಚ್ಚು ಚುಚ್ಚಿತು. ಇನ್ನೊಂದು ಸಂಬಂಧ ಹೀಗೆಯೇ ಕೈತಪ್ಪಿದರೆ ಆ ಮನೆಯಲ್ಲಿ ನಾನು ಮುಖವೆತ್ತಿ ಊಟ ಮಾಡುವಂತಿರಲಿಲ್ಲ.

ಆ ಕಾಲದಲ್ಲಿಯೇ ಪಾಸ್ಕಲ್ ಪೊರ್ಬುಗಳ ಪರಿಚಯವಾದದ್ದು. ನಮ್ಮಲ್ಲಿ ಕ್ರಿಸ್ತುವರನ್ನು ಗೌರವದಿಂದ ಪೊರ್ಬುಗಳು ಎಂದು ಕರೆಯುವುದು ರೂಢಿ. ಇವರು ಹಡಗಿನಲ್ಲಿ ಸಾಹೇಬರಿಗೆ ಊಟ ಬಡಿಸುವ ಸ್ಟೀವರ್ಡ್ ಆಗಿ ಲೋಕವೆಲ್ಲ ಸುತ್ತಿ, ಈಗ ಕೆಲಸ ಬಿಟ್ಟು ಬಂದು ಕಂಕನಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಹಂಚು ಕೊಳ್ಳಲು ನಮ್ಮ ಆಫೀಸಿಗೆ ಬಂದವರು ಯಾವ ರಾಶಿಯ ಹಂಚು ಒಳ್ಳೆಯದೆಂದು ನನ್ನನ್ನು ಕೇಳಿದರು. ನಾನು ಬಿಸಿಲಿನಲ್ಲಿ ನಿಂತು ಎಡಗಡೆಯ ರಾಶಿಯನ್ನು ಹೊಗಳಿದೆ, ಬಲಗಡೆಯದನ್ನೂ ಹೊಗಳಿದೆ, ಮತ್ತೆ ಎಡಗಡೆಗೆ ಬಂದೆ. ಅವರು ಟೊಪ್ಪಿ ತೆಗೆದು ಬೆವರೊರೆಸಿಕೊಂಡು ನನ್ನನ್ನೇ ನೋಡಿದರು. "ನಿಮ್ಮ ಹೆಸರೆಂತ?" ಎಂದರು. ವಾಸು ಎಂದೆ. "ನೋಡಿ ವಾಸು, ನಿಮಗೆ ಕಾಯಿಲೆ ಉಂಟು. ಮದ್ದು ನನ್ನ ಹತ್ರ ಉಂಟು. ಆದಿತ್ಯವಾರ ಮಧ್ಯಾಹ್ನ ಊಟ ಮಾಡಿ ಮನೆಗೆ ಬನ್ನಿ" ಎಂದರು. ನಾನು ನೋಡುವ ಎಂದೆ. "ನೋಡುದು ಬೇಡ, ಬನ್ನಿ" ಎಂದು ಟೊಪ್ಪಿ ಹಾಕಿಕೊಂಡು ಹೊರಟುಹೋದರು.

ಮದ್ದು ಎಂದರೆ ಪೋಕರ್ ಎಂಬ ಇಸ್ಪೀಟಾಟ. ಪೊರ್ಬುಗಳು ಅದನ್ನು ಹಡಗಿನಲ್ಲಿ ಕಲಿತದ್ದು. ಆಟ ಸುಲಭ. ಪ್ರತಿಯೊಬ್ಬರಿಗೂ ಐದೈದು ಎಲೆ. ಬೇಡದವನ್ನು ಒಂದು ಸಲ ಬದಲಾಯಿಸಿಕೊಳ್ಳಬಹುದು. ಆಮೇಲೆ ಪಣ ಒಡ್ಡಬೇಕು. ಒಬ್ಬನು ಒಡ್ಡಿದಷ್ಟನ್ನು ಇನ್ನೊಬ್ಬನು ಒಡ್ಡಿದರೆ ಕೊನೆಗೆ ಎಲೆ ತೋರಿಸಿ ಯಾರದು ದೊಡ್ಡದೆಂದು ನೋಡುವುದು. ಒಡ್ಡುವ ಧೈರ್ಯವಿಲ್ಲದಿದ್ದರೆ ಎಲೆಯನ್ನು ಕವುಚಿಟ್ಟು ಸುಮ್ಮನಾಗುವುದು. ಒಬ್ಬನನ್ನು ಬಿಟ್ಟು ಎಲ್ಲರೂ ಕವುಚಿಟ್ಟರೆ ಆ ಉಳಿದವನ ಕೈಯಲ್ಲಿ ಏನಿತ್ತೆಂದು ಯಾರೂ ಕೇಳುವಂತಿಲ್ಲ, ರಾಶಿ ಅವನದು. ಕಸದಂಥ ಎಲೆ ಹಿಡಿದು ಗತ್ತಿನಿಂದ ಪಣ ಒಡ್ಡಿ ಉಳಿದವರನ್ನು ಹೆದರಿಸಿ ಓಡಿಸುವುದಕ್ಕೆ ಪೊರ್ಬುಗಳ ಭಾಷೆಯಲ್ಲಿ ಬ್ಲಫ್ ಎಂದು ಹೆಸರು. ಪಣಕ್ಕೆ ದುಡ್ಡು ಮುಟ್ಟುವಂತಿರಲಿಲ್ಲ. ಅವರ ಹೆಂಡತಿ ಕಾರ್ಮಿನ್ ಬಾಯಮ್ಮ ದುಡ್ಡಿನ ಆಟವಾದರೆ ಆ ಮೇಜನ್ನೇ ಒಲೆಗೆ ಹಾಕುತ್ತೇನೆಂದು ಹೇಳಿದ್ದರು. ಅಡುಗೆಮನೆಯಿಂದ ತೊಳೆದು ಒಣಗಿಸಿದ ಹುಣಸೆಬೀಜಗಳನ್ನು ತಂದು ಎಲ್ಲರಿಗೂ ಒಂದೊಂದು ಹಿಡಿ ಹಂಚುವುದು ಅವರ ಕೆಲಸ. ಹೆಚ್ಚು ಗೆಲ್ಲುತ್ತಿದ್ದವರೂ ಅವರೇ. ನಾಲ್ಕನೆಯವರು ನಮ್ಮ ಅತ್ತಾವರದ ಸಂಜೀವ ಡಾಕ್ಟರು. ಎಂಥ ಕೆಟ್ಟ ಎಲೆ ಬಂದರೂ ಅವರು ಕವುಚಿಡುತ್ತಿರಲಿಲ್ಲ. ಹಿಡಿದ ರೋಗಿಯನ್ನು ಅರ್ಧದಲ್ಲಿ ಬಿಟ್ಟು ಅವರಿಗೆ ಅಭ್ಯಾಸವಿಲ್ಲವಂತೆ.

ಪೊರ್ಬುಗಳು ಒಳ್ಳೆಯ ಗುರುಗಳು. ನಾನು ಎಂಥ ಶಿಷ್ಯನೆಂಬುದನ್ನು ನೀವೇ ನಿರ್ಧರಿಸಿ. "ವಾಸು, ನಿಮ್ಮ ಎಲೆಯನ್ನು ಒಮ್ಮೆ ನೋಡಿದರೆ ಸಾಕು, ಅದು ಬದಲಾಗುದಿಲ್ಲ. ಮತ್ತೆ ನೋಡಬೇಕಾದ್ದು ಎದುರಿಗೆ ಕೂತವರ ಮುಖವನ್ನು" ಎನ್ನುವರು. ನಾನು ಎದುರಿಗೆ ಕೂತವರ ಮುಖವನ್ನು ನೋಡತೊಡಗಿದರೆ ನನ್ನ ಕೈಯಲ್ಲಿ ಏನಿದೆಯೆಂಬುದು ಮರೆತುಹೋಗುತ್ತಿತ್ತು. "ಬೀಜಕ್ಕೆ ಕೈ ಹಾಕುವ ಮೊದಲು ನಿಶ್ಚಯ ಮಾಡಿ. ಹಾಕಿದ ಮೇಲೆ ಯೋಚನೆ ಮಾಡುದಲ್ಲ" ಎನ್ನುವರು. ನನ್ನ ಕೈ ಬೀಜದ ಕಡೆಗೆ ಹೋಗುವುದು, ಅರ್ಧ ದಾರಿಯಲ್ಲಿ ನಿಲ್ಲುವುದು, ತಲೆ ಕೆರೆದುಕೊಂಡು ಬರುವುದು, ಮತ್ತೆ ಹೊರಡುವುದು. ಆ ಹೊತ್ತಿಗೆ ಬಾಯಮ್ಮ ಒಳಗೆ ಹೋಗಿ ಒಲೆಯ ಮೇಲಿನ ಸಾರಿಗೆ ಉಪ್ಪು ಹಾಕಿ ಬಂದಿರುತ್ತಿದ್ದರು. ಕೆಟ್ಟ ಎಲೆಯನ್ನು ಮೋಹದಿಂದ ಹಿಡಿದುಕೊಳ್ಳಬಾರದು, ಸೋತ ಸಿಟ್ಟಿಗೆ ಮುಂದಿನ ಆಟ ಆಡಬಾರದು, ಕವುಚಿಡಲು ಗೊತ್ತಿಲ್ಲದವರ ಮುಂದೆ ಬ್ಲಫ್ ಮಾಡಬಾರದು ಎಂದೆಲ್ಲ ಅವರು ಹೇಳುವಾಗ ನಾನು ತಲೆಯಾಡಿಸುತ್ತಿದ್ದೆ. ಆಮೇಲೆ ಡಾಕ್ಟರ ಮುಂದೆಯೇ ಬ್ಲಫ್ ಮಾಡುತ್ತಿದ್ದೆ. ಡಾಕ್ಟರು ನನ್ನ ಬೀಜಗಳನ್ನು ಬಾಚಿಕೊಳ್ಳುತ್ತ, "ನಾಲಗೆ ತೋರಿಸಿ ನೋಡುವ, ವಾಸಣ್ಣ. ಪಿತ್ತ ಏರಿದ ಹಾಗೆ ಉಂಟು" ಎನ್ನುವರು. ಎಲ್ಲಕ್ಕಿಂತ ಕಷ್ಟ ಯಾವುದು ದೊಡ್ಡದು ಯಾವುದು ಚಿಕ್ಕದು ಎಂಬುದನ್ನು ನೆನಪಿಟ್ಟುಕೊಳ್ಳುವುದು. ಒಂದು ದಿನ ನಾನು ತಡೆಯಲಾರದೆ, "ಪೊರ್ಬುಗಳೇ, ಮೂರು ರಾಣಿ ದೊಡ್ಡದಾ, ಎರಡು ಜೋಡಿ ದೊಡ್ಡದಾ?" ಎಂದು ಕೇಳಿದೆ. ಮರುಕ್ಷಣ ಮೇಜಿನ ಸುತ್ತ ಎಲ್ಲರೂ ಎಲೆ ಕವುಚಿಟ್ಟರು, ಡಾಕ್ಟರೂ ಸಹ. ಅವರು ಕವುಚಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆದರೂ ವರ್ಷ ತಿರುಗುವ ಹೊತ್ತಿಗೆ ನನ್ನ ಆಟ ಸುಧಾರಿಸಿದೆ ಎಂಬ ನಂಬಿಕೆ ನನಗೆ ಬಲವಾಗಿ ಬಂದಿತ್ತು. ಆಫೀಸಿನಲ್ಲಿ ಕುಳಿತು ಹಂಚಿನ ಲೆಕ್ಕ ಬರೆಯುವಾಗಲೂ ಮನಸ್ಸಿನಲ್ಲಿ ಎಲೆ ಕಲಸುತ್ತಿದ್ದೆ. ಕಲಿತದ್ದನ್ನು ಲೋಕದಲ್ಲಿ ಪ್ರಯೋಗಿಸಿ ನೋಡಬೇಕೆನ್ನಿಸಿ ಒಂದು ದಿನ ಮೀನು ಮಾರುಕಟ್ಟೆಗೆ ಹೋದೆ. ಒಳ್ಳೆಯ ಅಂಜಲ್ ಮೀನು ಬಂದಿತ್ತು. ಮೀನಿನವಳು ಹೇಳಿದ ಕ್ರಯಕ್ಕೆ ನಾನು ಪೊರ್ಬುಗಳು ಕಲಿಸಿದ ಹಾಗೆ ಮುಖವನ್ನು ಕಲ್ಲು ಮಾಡಿಕೊಂಡು, "ಬೇಡ" ಎಂದು ತಿರುಗಿ ನಡೆದೆ. ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ನಿಧಾನವಾಗಿ ಹೆಜ್ಜೆಯಿಟ್ಟೆ. ಅವಳು ಕರೆಯಲಿಲ್ಲ. ಮಾರುಕಟ್ಟೆಯ ಬಾಗಿಲು ದಾಟಿ ಸುಮ್ಮನೆ ಒಂದು ಸುತ್ತು ಹಾಕಿ ಬಂದು ನೋಡಿದರೆ ಅಂಜಲ್ ಇರಲಿಲ್ಲ. ಅವಳು ನಗುತ್ತ, "ನೀವು ಬರ್ತೀರಿ ಅಂತ ಗೊತ್ತಿತ್ತು ಧಣಿಗಳೇ. ಆದರೆ ಮೀನು ಕಾಯಬೇಕಲ್ಲ?" ಎಂದಳು. ಮನೆಯಲ್ಲಿ ಆ ದಿನ ಬದನೆಕಾಯಿ. ಗಿರಿಜೆ ಬಡಿಸುತ್ತ, "ಇದಕ್ಕೆ ನಿಮ್ಮ ಪೊರ್ಬುಗಳು ಎಂತ ಹೇಳ್ತಾರೆ?" ಎಂದು ಕೇಳಿದಳು. ದೊಡ್ಡ ಆಟಗಾರರಿಗೂ ಕೆಟ್ಟ ದಿನಗಳು ಇರುತ್ತವೆ ಎಂದು ನಾನು ಗಂಭೀರವಾಗಿ ಬದನೆಕಾಯಿ ತಿಂದೆ.

ಹೀಗಿರುವಾಗ ಸುಮತಿಗೆ ಎರಡನೆಯ ಸಂಬಂಧ ಬಂತು. ಹುಡುಗನ ಹೆಸರು ಜಗನ್ನಾಥ. ಮನೆ ಪಡೀಲಿನಲ್ಲಿ, ಸ್ವಲ್ಪ ಬೇಸಾಯ ಉಂಟು. ಅವನು ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಜಾತಕ ಕೂಡಿ ಬಂತು. ಅವನೂ ಅವನ ತಾಯಿಯೂ ಬಂದು ಹುಡುಗಿ ನೋಡಿ ಹೋದರು. ಆ ಹುಡುಗ ಕುಳಿತಲ್ಲಿಂದ ಅಲುಗಲಿಲ್ಲ, ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿದ, ಮುಖದಲ್ಲಿ ಏನೂ ಕಾಣಿಸಲಿಲ್ಲ. ಮಿತಭಾಷಿ, ಸಾಧು ಎಂದರು ಅಮ್ಮ. ನನಗೆ ದಿಗಿಲಾಯಿತು. ಮುಖದಲ್ಲಿ ಏನೂ ತೋರಿಸದವನು ಮೇಜಿನಲ್ಲಿ ಅತ್ಯಂತ ಅಪಾಯದ ಮನುಷ್ಯನೆಂದು ಪೊರ್ಬುಗಳು ಕಲಿಸಿದ್ದರಲ್ಲ! ಅವನ ಕೈಯಲ್ಲಿ ಏನಿದೆ? ಕುಡಿತವೇ? ಬೇರೆ ಸಂಸಾರವೇ? ಅಮ್ಮ ಈ ಸಲ ದನದ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ನನ್ನನ್ನೇ ಕೇಳಿದರು: "ಎಂತ ಹೇಳಿಕಳಿಸುದು?" ನಾನು ನೆಲ ನೋಡಿದೆ. "ನೀನು ಆ ಮಾತು ಹೇಳಿದರೆ ನಾನು ನಿನ್ನ ಚಿಕ್ಕಮ್ಮನ ಮನೆಗೆ ಹೋಗಿ ಕೂತುಕೊಳ್ತೇನೆ" ಎಂದರು. ಆ ಮಾತನ್ನು ನುಂಗಿಕೊಂಡು ನಾನು ಕಂಕನಾಡಿಗೆ ಓಡಿದೆ.

ಪೊರ್ಬುಗಳು ನನ್ನ ಕಷ್ಟ ಕೇಳಿ ನಕ್ಕರು. "ಇದಕ್ಕೆ ಯಾಕೆ ಇಷ್ಟು ಮಂಡೆಬಿಸಿ? ಹುಡುಗನನ್ನು ಆದಿತ್ಯವಾರ ಚಾ ಕುಡಿಯಲಿಕ್ಕೆ ಇಲ್ಲಿಗೆ ಕರೀರಿ. ಮೇಜಿಗೆ ಕೂರಿಸುವ. ಸೋತಾಗ ಎಂತ ಮಾಡ್ತಾನೆ, ಗೆದ್ದಾಗ ಎಂತ ಮಾಡ್ತಾನೆ, ನಾಲ್ಕು ಆಟದಲ್ಲಿ ಜನ ಎಂಥವ ಅಂತ ಹೊರಗೆ ಬರ್ತದೆ." ಬಾಯಮ್ಮನಿಗೆ ಇದು ಹಿಡಿಸಲಿಲ್ಲ. "ಅಳಿಯನನ್ನು ಹುಡುಕುದು ಹೀಗಾ? ನಮ್ಮ ಪಾದ್ರಿಯವರು ಕೇಳಿದರೆ ಎಂತ ಹೇಳಿಯಾರು?" ಎಂದು ಹಣೆಗೆ ಕೈಯಿಟ್ಟುಕೊಂಡರು. ಆದರೂ ಆದಿತ್ಯವಾರ ಬೆಳಿಗ್ಗೆಯೇ ತಿಂಡಿ ಮಾಡಿಟ್ಟರು. ಜಗನ್ನಾಥನನ್ನು ಕರೆಯಲು ಪಾರ್ಸೆಲ್ ಆಫೀಸಿಗೆ ನಾನೇ ಹೋದೆ. ಇಸ್ಪೀಟು ಎಂಬ ಶಬ್ದ ನನ್ನ ಬಾಯಿಂದ ಬಿದ್ದಾಗ ಅವನು ಬರೆಯುತ್ತಿದ್ದ ಪೆನ್ನು ಒಂದು ಕ್ಷಣ ನಿಂತಿತು. ನನ್ನನ್ನು ದೀರ್ಘವಾಗಿ ನೋಡಿದ. ಮತ್ತೆ, "ಬರ್ತೇನೆ" ಎಂದ.

ಬಂದ. ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ತಿಂಡಿ ತಿಂದ, ಚಾ ಕುಡಿದ, ಬಾಯಮ್ಮನಿಗೆ ಕೈಮುಗಿದ. ಪೊರ್ಬುಗಳು ಎಲೆ ಹಂಚುತ್ತ, "ಈ ಆಟ ಗೊತ್ತುಂಟಾ?" ಎಂದರು. "ಗಾರ್ಡುಗಳು ಆಡುದನ್ನು ನೋಡಿ ಗೊತ್ತುಂಟು ಸ್ವಲ್ಪ" ಎಂದ. ಆ ಸ್ವಲ್ಪದ ಅರ್ಥ ನಮಗೆ ಬೇಗನೆ ತಿಳಿಯಿತು. ಎಲೆಯನ್ನು ಒಂದು ಸಲ ನೋಡಿ ಮೇಜಿನ ಮೇಲಿಡುವನು. ಆಮೇಲೆ ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ನಮ್ಮನ್ನು ನೋಡುತ್ತಿದ್ದ. ಪೊರ್ಬುಗಳ ಬ್ಲಫ್ ಹಿಡಿದ. ಬಾಯಮ್ಮನ ಬ್ಲಫ್ ಹಿಡಿದ. ಅವರ ಬ್ಲಫ್ ಹಿಡಿದವರನ್ನು ಅದುವರೆಗೆ ನಾವ್ಯಾರೂ ಕಂಡಿರಲಿಲ್ಲ. ಹುಣಸೆಬೀಜದ ರಾಶಿ ಅವನ ಮುಂದೆ ಏರುತ್ತ ಹೋಯಿತು. ಗೆದ್ದರೆ ನಗುವಿಲ್ಲ, ಸೋತರೆ ಸಪ್ಪೆಯಿಲ್ಲ. ನನ್ನ ಕಣ್ಣು ಅವನ ಮೇಲೆಯೇ ಇದ್ದದ್ದರಿಂದ ಆಟದಲ್ಲಿ ಎಂದಿಗಿಂತ ಹೆಚ್ಚು ತಪ್ಪುಗಳಾದವು. ಸರದಿ ತಪ್ಪಿ ಎಲೆ ಎಸೆದೆ, ಒಂದು ಸಲ ಬದಲಾಯಿಸಬೇಕಾದವನ್ನು ಇಟ್ಟುಕೊಂಡು ಇಟ್ಟುಕೊಳ್ಳಬೇಕಾದವನ್ನು ಬದಲಾಯಿಸಿದೆ. ಪೊರ್ಬುಗಳು ಪ್ರತಿ ಆಟಕ್ಕೂ, "ಹಾಗಲ್ಲ ವಾಸು, ಹೀಗೆ" ಎಂದು ಹೇಳಿಕೊಡುತ್ತಲೇ ಇದ್ದರು.

ಅಷ್ಟರಲ್ಲಿ ಯಾರಿಗೋ ಜ್ವರವೆಂದು ಕರೆ ಬಂದು ಡಾಕ್ಟರು ಎದ್ದು ಹೋದರು. ಮುಂದಿನ ಎಲೆ ಹಂಚಿದರು. ನನಗೆ ಬಂದ ಐದು ಎಲೆಗಳೂ ಒಂದಕ್ಕೊಂದು ಪರಿಚಯವಿಲ್ಲದವು. ಮೂರು ಬದಲಾಯಿಸಿದೆ, ಬಂದವು ಇನ್ನೂ ಅಪರಿಚಿತರು. ಆಗ ನನಗೆ ಮಿಂಚು ಹೊಳೆದ ಹಾಗಾಯಿತು. ಕವುಚಿಡದ ಡಾಕ್ಟರಿಲ್ಲ. ಬ್ಲಫ್ ಮಾಡುವುದಕ್ಕೆ ಇದೇ ಮುಹೂರ್ತ. ಈ ಹುಡುಗ ನನ್ನನ್ನು ನಂಬುತ್ತಾನೋ ಬಿಡುತ್ತಾನೋ, ಅದರಲ್ಲಿ ಅವನ ಬುದ್ಧಿ ಹೊರಗೆ ಬೀಳಲಿ ಎಂದುಕೊಂಡು, ಜೀವಮಾನದಲ್ಲಿ ಮೊದಲ ಸಲ, ಕೈಯನ್ನು ಅರ್ಧ ದಾರಿಯಲ್ಲಿ ನಿಲ್ಲಿಸದೆ, ನನ್ನ ಮುಂದಿದ್ದ ಬೀಜಗಳನ್ನೆಲ್ಲ ಮೇಜಿನ ನಡುವಿಗೆ ತಳ್ಳಿದೆ. ಬಾಯಮ್ಮ ಕವುಚಿಟ್ಟರು. ಪೊರ್ಬುಗಳು ಹುಬ್ಬೇರಿಸಿ ಕವುಚಿಟ್ಟರು. ಜಗನ್ನಾಥ ನನ್ನ ಮುಖ ನೋಡಿದ, ಆಮೇಲೆ ಕೈ ನೋಡಿದ, ಮತ್ತೆ ಮುಖ ನೋಡಿದ. ಕೊನೆಗೆ ಎಲೆಯನ್ನು ಮೆಲ್ಲನೆ ಕವುಚಿಟ್ಟು, "ನಿಮ್ಮದೇ" ಎಂದ.

ಆ ಸಂತೋಷವನ್ನು ಏನೆಂದು ಹೇಳಲಿ? ಬೀಜಗಳನ್ನು ಎರಡೂ ಕೈಗಳಿಂದ ಬಾಚಿಕೊಂಡೆ. ಕೆಲವು ನೆಲಕ್ಕೆ ಬಿದ್ದವು, ಮೇಜಿನ ಕೆಳಗೆ ನುಗ್ಗಿ ಹೆಕ್ಕಿಕೊಂಡೆ. ತಂಗಿಯ ಮದುವೆ, ಹುಡುಗನ ಪರೀಕ್ಷೆ, ಎಲ್ಲವೂ ಒಂದು ಗಳಿಗೆ ಮರೆತೇ ಹೋಯಿತು.

ಜಗನ್ನಾಥ ಹೊರಟುಹೋದ ಮೇಲೆ ಬಾಯಮ್ಮ ಎಲೆಗಳನ್ನು ಒಟ್ಟುಮಾಡಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದವರು ನಿಂತರು. ಅವನು ಕವುಚಿಟ್ಟಿದ್ದ ಐದು ಎಲೆ ಇನ್ನೂ ಬೇರೆಯಾಗಿಯೇ ಬಿದ್ದಿದ್ದವು. ತಿರುಗಿಸಿ ನೋಡಿ, ನನ್ನ ಮುಂದಿಟ್ಟರು. ಮೂರು ರಾಜರು! ನನ್ನ ಬಳಿ ಇದ್ದದ್ದಕ್ಕೆ ಒಬ್ಬ ರಾಜನೇ ಧಾರಾಳವಾಗಿ ಸಾಕಿತ್ತು. "ಮೂರು ರಾಜ ಹಿಡ್ಕೊಂಡು ಬಿಡುವವ ಒಂದಾ ಪೂರಾ ಮಂಕ, ಇಲ್ಲದಿದ್ದರೆ ಮಹಾ ಕಳ್ಳ" ಎಂದರು ಪೊರ್ಬುಗಳು. "ಇವ ಮಂಕ ಅಲ್ಲ ಅಂತ ನಾವೇ ನೋಡಿದೆವು." ಬಾಯಮ್ಮನಿಗೆ ಸಿಟ್ಟು ಬಂತು. "ನಿಮಗೆ ಹಡಗಿನಲ್ಲಿ ಕಳ್ಳರನ್ನು ನೋಡಿ ನೋಡಿ ಅಭ್ಯಾಸ. ಪಾಪ, ವಾಸುವಿನ ಮುಖ ನೋಡಿ ಅವನಿಗೆ ಕರುಳು ಚುರುಕ್ ಅಂದಿರಬೇಕು. ಒಳ್ಳೆ ಮನಸ್ಸಿನ ಹುಡುಗ." ಗೆದ್ದ ಸಂತೋಷ ಹೋಯಿತು, ಪರೀಕ್ಷೆಯ ಫಲಿತಾಂಶವೂ ಸಿಗಲಿಲ್ಲ. ಅತ್ತಾವರದ ತನಕ ನಡೆದುಕೊಂಡು ಬರುವಾಗ ಕಳ್ಳನೋ ಒಳ್ಳೆಯವನೋ, ಒಳ್ಳೆಯವನೋ ಕಳ್ಳನೋ ಎಂದು ನನ್ನ ಹೆಜ್ಜೆಗಳೇ ಕೇಳುತ್ತಿದ್ದಂತಿತ್ತು.

ಮನೆಯ ಜಗಲಿಯಲ್ಲಿ ಅಮ್ಮ, ಗಿರಿಜೆ ಇಬ್ಬರೂ ಕಾದಿದ್ದರು. "ಎಂತ ಆಯಿತು?" ಎಂದರು. ನನ್ನ ಬಾಯಿ ಅದೇ ಮಾತನ್ನು ಆಡಲು ತೆರೆದುಕೊಳ್ಳುವಷ್ಟರಲ್ಲಿ ಸುಮತಿ ಒಳಗಿನಿಂದ ಬಂದಳು. ಕೈಯಲ್ಲಿ ತರಕಾರಿ ಹೆಚ್ಚುವ ಚೂರಿ ಇತ್ತು. "ಅಣ್ಣ, ನನ್ನ ಹತ್ರ ಒಮ್ಮೆ ಕೇಳಬಹುದಿತ್ತಲ್ಲ?" ಎಂದಳು. ನಿಜ ಹೇಳುತ್ತೇನೆ, ಈ ಉಪಾಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವಳು ಹೇಳಿದಳು: "ನಮ್ಮ ಶಾಲೆಗೆ ಸ್ಲೇಟಿನ ಪಾರ್ಸೆಲ್ ಬಂದಾಗ ತರಲಿಕ್ಕೆ ನಾನೇ ಹೋಗಿದ್ದೆ. ಪೆಟ್ಟಿಗೆ ಜಜ್ಜಿ ಹೋಗಿತ್ತು. ಬೇರೆಯವರೆಲ್ಲ, ರುಜು ಹಾಕಿ ತೆಗೊಂಡು ಹೋಗಿ ಅಂದರು. ಇವರು ಎದ್ದು ಬಂದು, ಈಗ ರುಜು ಹಾಕಿದರೆ ಒಡೆದ ಸ್ಲೇಟೆಲ್ಲ ನಿಮ್ಮ ತಲೆಗೆ ಬರ್ತದೆ ಟೀಚರೇ ಅಂತ ಹೇಳಿ, ಪೆಟ್ಟಿಗೆ ಬಿಚ್ಚಿಸಿ ತೋರಿಸಿದರು. ಅವರ ಮೇಲಿನವರು ಬೈದರು, ಇವರು ಬೈಸಿಕೊಂಡು ಸುಮ್ಮನೆ ನಿಂತರು. ನನಗೆ ಅಷ್ಟು ಸಾಕು. ನಾನು ಆಗಲೇ ನಿಶ್ಚಯ ಮಾಡಿ ಆಗಿದೆ. ನೀನು ಬೇಕಾದರೆ ನಿಧಾನ ನೋಡು." ಇಷ್ಟು ಹೇಳಿ ತರಕಾರಿ ಹೆಚ್ಚಲು ಒಳಗೆ ಹೋದಳು. ಅಮ್ಮ ನನ್ನನ್ನು ನೋಡಿದರು. ನಾನು ಕೂಡಲೇ, "ಒಪ್ಪಿಗೆ ಅಂತ ಹೇಳಿಕಳಿಸಿ" ಎಂದೆ. ಇಷ್ಟು ಬೇಗ ನಾನು ಒಂದು ತೀರ್ಮಾನ ಮಾಡಿದ್ದನ್ನು ನೋಡಿ ಗಿರಿಜೆ ನನ್ನ ಹಣೆ ಮುಟ್ಟಿ ನೋಡಿದಳು.

ಮರುದಿನವೇ ಸೋದರಮಾವ ಪಡೀಲಿಗೆ ಹೋಗಿ ನಮ್ಮ ಒಪ್ಪಿಗೆ ಹೇಳಿ ಬಂದರು. ಹುಡುಗನ ತಾಯಿ ಚಾ ಕೊಟ್ಟು, ಎಲೆಯಡಿಕೆ ಕೊಟ್ಟು, "ನೋಡುವ" ಎಂದಿದ್ದರಂತೆ!

ಆ ಮಾತಿನ ಇನ್ನೊಂದು ಬದಿಯಲ್ಲಿ ನಿಲ್ಲುವುದು ಹೇಗಿರುತ್ತದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಸುಮತಿ ಶಾಲೆಗೆ ಹೋಗುವಳು, ಬರುವಳು. ಅಮ್ಮ ಮತ್ತೆ ದನದ ಕಡೆಗೆ ಹೋಗತೊಡಗಿದರು. ನನ್ನ ಮೆದುಳು ಪೋಕರ್ ಕಲಿತದ್ದಲ್ಲವೇ, ಅದು ಸುಮ್ಮನಿರಲಿಲ್ಲ. ಹುಡುಗನನ್ನು ಇಸ್ಪೀಟಿಗೆ ಕರೆದದ್ದೇ ತಪ್ಪಾಯಿತೋ? ಮೇಜಿನ ಕೆಳಗೆ ನುಗ್ಗಿ ಬೀಜ ಹೆಕ್ಕಿದ್ದು ಯಜಮಾನನಾದವನಿಗೆ ಶೋಭಿಸಲಿಲ್ಲವೋ? ಪಾರ್ಸೆಲ್ ಆಫೀಸಿನ ಮುಂದೆ ಸುಮ್ಮನೆ ಒಂದೆರಡು ಸಲ ಹಾದುಹೋದೆ. ಒಳಗೆ ಹೋಗುವುದೋ ಬೇಡವೋ ಎಂದು ತೀರ್ಮಾನವಾಗದೆ ಮನೆಗೆ ಬಂದೆ.

ಕೊನೆಗೆ ಒಂದು ಸಂಜೆ ನಾನು ಆಫೀಸಿನಿಂದ ಬಂದು ಕಾಲು ತೊಳೆಯುತ್ತಿರುವಾಗ ಜಗನ್ನಾಥನೇ ಗೇಟು ತೆಗೆದು ಬಂದ. ಕೈಯಲ್ಲಿ ಒಂದು ಬಾಳೆಗೊನೆ. ಜಗಲಿಯ ಮೇಲೆ ಇಟ್ಟು, ಅಮ್ಮನ ಕಾಲು ಮುಟ್ಟಿ, "ನಮ್ಮ ಅಮ್ಮ ಒಪ್ಪಿದರು. ದಿನ ನೋಡಲಿಕ್ಕೆ ಹೇಳಿದ್ದಾರೆ" ಎಂದ. ಅಮ್ಮ ಅಳುತ್ತ ಒಳಗೆ ಹೋದರು. ಗಿರಿಜೆ ನಗುತ್ತ ಒಳಗೆ ಹೋದಳು. ಒಳಗೆ ಏನೋ ಪಾತ್ರೆ ಬಿದ್ದ ಶಬ್ದವಾಯಿತು. ಅದು ಸುಮತಿ ಇರಬೇಕು. ನನ್ನ ಬೆನ್ನ ಮೇಲಿಂದ ಹಂಚಿನ ಒಂದು ಇಡೀ ರಾಶಿ ಇಳಿಸಿದ ಹಾಗಾಯಿತು. ಚೆಂಬಿನಲ್ಲಿ ಉಳಿದ ನೀರನ್ನು ಕಾಲಿಗೆ ಹಾಕುವ ಬದಲು ತಲೆಗೆ ಹಾಕಿಕೊಂಡೆ.

ಅವನನ್ನು ಕಳಿಸಲು ರಸ್ತೆಯ ತನಕ ಹೋದೆ. ದಾರಿಯಲ್ಲಿ ಅವನು ಸಂಕೋಚಪಡುತ್ತ ಬಾಯಿಬಿಟ್ಟ. "ಭಾವ, ಒಂದು ವಿಷಯ ಹೇಳ್ತೇನೆ, ಬೇಸರ ಮಾಡಬೇಡಿ. ನಮ್ಮ ಕಡೆಯಿಂದ ತಡ ಆದದ್ದು ನಿಮ್ಮ ಕಾರಣದಿಂದ." ನಾನು ರಸ್ತೆಯ ನಡುವೆಯೇ ನಿಂತೆ. "ಅತ್ತಾವರದ ವಾಸಣ್ಣ ಆದಿತ್ಯವಾರ ಆದಿತ್ಯವಾರ ಕಂಕನಾಡಿಯಲ್ಲಿ ಇಸ್ಪೀಟು ಆಡ್ತಾರೆ, ವರ್ಷದಿಂದ ಬಿಡದೆ ಆಡ್ತಾರೆ ಅಂತ ಯಾರೋ ಅಮ್ಮನ ಕಿವಿಗೆ ಹಾಕಿದ್ದರು. ನಮ್ಮ ದೊಡ್ಡ ಮಾವ ಗದ್ದೆ ಕಳಕೊಂಡದ್ದು ಇಸ್ಪೀಟಿನಲ್ಲೇ. ನನಗೆ ಎಲೆ ಹಿಡೀಲಿಕ್ಕೆ ಕಲಿಸಿದ್ದೂ ಅವರೇ. ಜೂಜುಕೋರರ ಮನೆಯಿಂದ ಹುಡುಗಿ ತರುದಿಲ್ಲ ಅಂತ ಅಮ್ಮ ಹಟ ಹಿಡಿದರು. ನನಗೆ ಟೀಚರನ್ನು ಬಿಡಲಿಕ್ಕೆ ಮನಸ್ಸಿಲ್ಲ. ನೀವು ಆಟಕ್ಕೆ ಕರೆದಾಗ, ಸರಿ, ನನ್ನ ಕಣ್ಣಿನಿಂದಲೇ ನೋಡುವ ಅಂತ ಬಂದದ್ದು."

ಅಂದರೆ ನಾನು ಅವನನ್ನು ಪರೀಕ್ಷೆ ಮಾಡಲು ಮೇಜಿಗೆ ಕರೆದಿದ್ದೆ, ಅವನು ನನ್ನನ್ನು ಪರೀಕ್ಷೆ ಮಾಡಲು ಮೇಜಿಗೆ ಬಂದಿದ್ದ! "ಮತ್ತೆ?" ಎಂದೆ.

"ಮತ್ತೆಂತ! ಎರಡು ಆಟದಲ್ಲಿ ಗೊತ್ತಾಯಿತು" ಎಂದು ಅವನು ನಕ್ಕ. ಅವನ ನಗುವನ್ನು ನಾನು ನೋಡಿದ್ದು ಅದೇ ಮೊದಲು. "ಅಮ್ಮನ ಹತ್ರ ಹೋಗಿ ಹೇಳಿದೆ, ಅಮ್ಮ, ದೇವರಾಣೆ ಆ ಮನುಷ್ಯ ಇಸ್ಪೀಟಿನ ಎಲೆ ಮುಟ್ಟಿದ್ದೇ ಅದು ಮೊದಲನೇ ಸಲ. ವರ್ಷದಿಂದ ಆಡುವವರು ಯಾರೂ ಹಾಗೆ ಆಡಲಿಕ್ಕೆ ಸಾಧ್ಯವೇ ಇಲ್ಲ. ನನ್ನೊಟ್ಟಿಗೆ ಪರಿಚಯ ಆಗಲಿ ಅಂತ ಪಾಪ ಮೇಜಿಗೆ ಕೂತಿದ್ದಾರೆ, ಪೊರ್ಬುಗಳು ಪ್ರತಿಯೊಂದನ್ನೂ ಹೇಳಿಕೊಡ್ತಿದ್ದರು ಅಂತ. ಅಮ್ಮ ನಂಬಲಿಲ್ಲ. ದಿನಾ ಅದನ್ನೇ ಹೇಳಿ ಹೇಳಿ ಇವತ್ತು ಒಪ್ಪಿಸಿದೆ."

ನನ್ನ ಮಾನ ಎಲ್ಲಿತ್ತೋ ಅಲ್ಲಿಂದ ಎದ್ದು ನಿಂತಿತು. ಒಂದು ವರ್ಷ! ಎಷ್ಟು ಆದಿತ್ಯವಾರಗಳ ಮಧ್ಯಾಹ್ನದ ನಿದ್ದೆ ಬಿಟ್ಟು ಕಲಿತದ್ದು! "ಆ ಕೊನೆಯ ಆಟ..." ಎಂದೆ, ತಡೆಯಲಾರದೆ. ಅದನ್ನಾದರೂ ಅವನು ಒಪ್ಪಲೇಬೇಕಲ್ಲ.

"ಅದಾ? ನಿಮ್ಮ ಕೈ ನಡುಗ್ತಾ ಇತ್ತು ಭಾವ. ಮೊದಲನೇ ಸಲ ಆಡುವವರನ್ನು ಹೆದರಿಸಬಾರದು ಅಂತ ಬಿಟ್ಟೆ."

ಸತ್ಯ ಹೇಳಿದರೆ ಬಾಳೆಗೊನೆ ವಾಪಸು ಪಡೀಲಿಗೆ ಹೋಗುತ್ತದೆ. ನಾನು ನಮ್ಮ ಕಾರ್ಖಾನೆಯ ಹೊಗೆಗೂಡಿನ ಕಡೆಗೆ ನೋಡುತ್ತ, "ಹೌದು ಮಾರಾಯ, ನನಗೆ ಅದೆಲ್ಲ ಎಲ್ಲಿ ಗೊತ್ತುಂಟು" ಎಂದೆ. ಅವನು ನನ್ನ ಮುಖವನ್ನು ನೋಡಿ ಪೂರ್ತಿಯಾಗಿ ನಂಬಿದ.

ಮದುವೆ ಚೆನ್ನಾಗಿ ನಡೆಯಿತು. ಪೊರ್ಬುಗಳೂ ಬಾಯಮ್ಮನೂ ಡಾಕ್ಟರೂ ಬಂದು ಉಂಡರು. ಯಾರಿಗೆ ಯಾವ ವಿಷಯ ಹೇಳಬಾರದೆಂದು ಅವರಿಗೆಲ್ಲ ಮೊದಲೇ ಹೇಳಿಟ್ಟಿದ್ದೆ. ಸುಮತಿ ಸುಖವಾಗಿದ್ದಾಳೆ. ಅಮ್ಮ ದನದೊಡನೆ ಈಗ ಹುಲ್ಲಿನ ವಿಷಯ ಮಾತ್ರ ಮಾತಾಡುತ್ತ ಇದ್ದಾರೆ. ಕಂಕನಾಡಿಗೆ ನಾನು ಹೋಗುವುದನ್ನು ಬಿಟ್ಟಿದ್ದೇನೆ. ಬಿಡದೆ ಉಪಾಯವಿರಲಿಲ್ಲ.

ಆದರೆ ಆದಿತ್ಯವಾರ ಮಧ್ಯಾಹ್ನ ಅಳಿಯದೇವರು ಹೆಂಡತಿಯೊಡನೆ ನಮ್ಮ ಮನೆಗೆ ಬರುತ್ತಾರೆ. ಊಟವಾದ ಮೇಲೆ ಅವನು ಕಿಸೆಯಿಂದ ಒಂದು ಕಟ್ಟು ಇಸ್ಪೀಟು ತೆಗೆಯುತ್ತಾನೆ. ಮನೆಯೊಳಗೆ, ದುಡ್ಡಿಲ್ಲದೆ ಆಡಿದರೆ ಈಗ ಅವನ ಅಮ್ಮನ ಅಡ್ಡಿಯಿಲ್ಲವಂತೆ. "ನಿಮ್ಮಂಥ ಸಾಧುಗಳು ಗೊತ್ತಿಲ್ಲದೆ ಎಲ್ಲಾದರೂ ಮೇಜಿಗೆ ಕೂತುಬಿಟ್ಟರೆ ಮೈಮೇಲಿನ ಅಂಗಿಯೂ ಉಳಿಯುದಿಲ್ಲ ಭಾವ. ಸ್ವಲ್ಪ ತಿಳ್ಕೊಂಡಿರುದು ಒಳ್ಳೆಯದು" ಎಂದು ಜಗಲಿಯ ಚಾಪೆಯ ಮೇಲೆ ಎಲೆಗಳನ್ನು ಹರಡುತ್ತಾನೆ. "ಈ ಕಪ್ಪು ಗುರುತು ಇಸ್ಪೀಟು, ಈ ಕೆಂಪು ಗುರುತು ಆಟಿನ್. ಇವನು ರಾಜ, ಇವಳು ರಾಣಿ, ಇವನು ಗುಲಾಮ." ಬಾಗಿಲ ಹಿಂದೆ ಸುಮತಿಯೂ ಗಿರಿಜೆಯೂ ಸೆರಗು ಬಾಯಿಗಿಟ್ಟು ನಿಂತಿರುತ್ತಾರೆ. ನಾನು ಕಣ್ಣರಳಿಸಿ, "ಹೌದಾ? ಇವನಿಗಿಂತ ಇವಳು ಚಿಕ್ಕದಾ?" ಎಂದು ಕೇಳುತ್ತೇನೆ. ಅವನು ತಾಳ್ಮೆಯಿಂದ ಮತ್ತೊಮ್ಮೆ ಹೇಳುತ್ತಾನೆ. ಇದರಲ್ಲಿ ನನ್ನ ಮಾನಕ್ಕೆ ಆಗುತ್ತಿರುವ ಪೆಟ್ಟನ್ನು ನಾನು ಯಾರೊಡನೆ ಹೇಳಿಕೊಳ್ಳಲಿ? ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಅವನು ಮೊದಲಿನಿಂದ ಹೇಳಿಕೊಡಲು ಶುರುಮಾಡಿದ ಮೇಲೆ ನನ್ನ ಆಟ ನಿಜವಾಗಿಯೂ ಸ್ವಲ್ಪ ಸುಧಾರಿಸಿದೆ.